ಸಮ ಅಂತ ಬರ್ಕೋ

ಅಥವಾ ಬೂದಿಯ ಬಟ್ಟಲು ಆವತ್ತು ಅಲ್ಲಿ ಇರಲೇ ಇಲ್ಲವೇನೋ. ಆಕೆ ಮಗ್ಗದ ಕೆಲಸಕ್ಕೆ ಕೂತ ಬೇರೆ ದಿನಗಳಲ್ಲಿ ಇತ್ತು, ಅದು ಖಂಡಿತ. ಆಕೆಯ ಬಲ ಮೊಣಕಾಲಿನ ಪಕ್ಕ, ನೆಲದ ಮೇಲೆ, ಅಂಚು ಒಂದು ಕಡೆ ತಗ್ಗಿದ ಹಿತ್ತಾಳೆ ಬಟ್ಟಲು; ಅದರಲ್ಲಿ ಬಟ್ಟೆಯಲ್ಲಿ ಸೋಸಿದ, ಹಿಟ್ಟಿನಷ್ಟು ನುಣ್ಣಗಿನ ಬೂದಿ. ಬೇರೆ ಹತ್ತು ದಿನ ಕಂಡದ್ದನ್ನು ಆ ಒಂದು ದಿನದ ಚಿತ್ರದೊಳಕ್ಕೆ ನಾನೇ ತಂದಿಟ್ಟಿರಬಹುದು. ನೆನಪಿನ ಕೆಲಸವೇ ಇಂಥದ್ದು. ಖಾಲಿ ಜಾಗ ಕಂಡಲ್ಲೆಲ್ಲ ಒಂದು ಪಾತ್ರೆ ತಂದು ಇಡುತ್ತದೆ.

ಹೋದ ತಿಂಗಳು ಮೊಳಕಾಲ್ಮೂರಿನ ಜರಿ ಅಂಗಡಿಯ ಭಾಯಿ ಫೋನ್ ಮಾಡಿ, ಆಕೆ ತೀರಿಕೊಂಡಳೆಂದು ಹೇಳಿದರು. ಅಂದಿನಿಂದ ಆ ಬಟ್ಟಲನ್ನು ಒಮ್ಮೆ ಇಟ್ಟು ನೋಡುತ್ತೇನೆ, ಒಮ್ಮೆ ತೆಗೆದು ನೋಡುತ್ತೇನೆ. ಇದ್ದರೆ ತಪ್ಪು ಆಕೆಯದು. ಇಲ್ಲದಿದ್ದರೆ ನನ್ನದು. ಆಗ ಕೈಬಿಟ್ಟು ಹೋಗಬೇಕಿದ್ದದ್ದು ನನ್ನ ನೌಕರಿ. ಹೋದದ್ದು ಆಕೆಯ ಕೈಯ ಮೇಲೆ ಊರು ಇಟ್ಟಿದ್ದ ನಂಬಿಕೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ಗುಟ್ಟೇನೂ ಇದರಲ್ಲಿಲ್ಲ.

ಹೆಸರು ಬರೆಯುವುದಿಲ್ಲ. ಒಮ್ಮೆ ಯಾವುದೋ ರಸೀದಿಗೆಂದು ಹೆಸರು ಕೇಳಿದಾಗ, "ನನ್ ಹೆಸ್ರು ಯಾಕಪ್ಪಾ? ಸೀರೆ ಮ್ಯಾಲೆ ನನ್ ಹೆಸ್ರು ಇರ್ತೈತಾ? ಉಟ್ಕೊಂಡೋಳ್ದೇ ಇರಲ್ಲ," ಎಂದಿದ್ದಳು. ರಸೀದಿಯಲ್ಲಿ 'ಎಳೆ ಬಿಡಿಸಿದವರು' ಎಂದು ಬರೆದುಕೊಂಡೆ.

ಆಕೆಯ ನಿಜವಾದ ಕೆಲಸ ಬಿಡಿಸುವುದಲ್ಲ, ಕೂಡಿಸುವುದು. ಮಗ್ಗದ ಮೇಲೆ ಒಂದು ಹಾಸು ಮುಗಿಯುತ್ತ ಬಂದಾಗ ಹಳೆಯ ಹಾಸಿನ ಪ್ರತಿ ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಕೂಡಿಸಬೇಕು. ಉದ್ದಕ್ಕೆ ಬಿಗಿದಿರುವ ಎಳೆಗಳೇ ಹಾಸು, ಅಡ್ಡಕ್ಕೆ ಲಾಳಿ ಹೊತ್ತು ಓಡುವುದು ಹೊಕ್ಕು. ರೇಷ್ಮೆ ಸೀರೆಯ ಹಾಸಿನಲ್ಲಿ ಸಾವಿರಗಟ್ಟಲೆ ಎಳೆ. ಆಕೆ ಮಗ್ಗದ ಹಿಂದೆ ಎಡಗಾಲು ಚಾಚಿ, ಬಲಗಾಲು ಮಡಚಿ ಕೂತು, ಹೆಬ್ಬೆರಳು ತೋರುಬೆರಳನ್ನು ಬೂದಿಗೆ ತಾಕಿಸಿ, ಎರಡು ತುದಿಗಳನ್ನು ಹಿಡಿದು ಒಂದು ಹೊಸೆತ ಹೊಸೆದರೆ ಆಯಿತು. ಗಂಟಿಲ್ಲ. ಜಾರುವ ರೇಷ್ಮೆಗೆ ಬೂದಿ ಹಿಡಿತ ಕೊಡುತ್ತದೆ. ಬೂದಿ ಎಲ್ಲರೂ ಬಳಸುತ್ತಾರೆ. ಅದು ಬಟ್ಟೆಯ ಮೇಲೆ ಕಾಣಬಾರದು, ಅಷ್ಟೇ. ಕಂದು, ಹಸಿರು ಹಾಸಾದರೆ ಯಾರು ಕೂಡಿಸಿದರೂ ನಡೆಯುತ್ತದೆ. ಬಿಳಿ ಹಾಸಿನಲ್ಲಿ ಬೂದಿಯ ಒಂದು ಗೆರೆ ಉಳಿದರೂ ಸೀರೆ ಕೆಟ್ಟಂತೆ. ಆಕೆ ಇದ್ದ ಓಣಿಯಲ್ಲಿ ಬಿಳಿ ಹಾಸು ಬಂತೆಂದರೆ ಮೊದಲು ಕರೆಯುತ್ತಿದ್ದದ್ದು ಆಕೆಯನ್ನು. ಆಕೆಗೆ ಬಿಡುವಿಲ್ಲದಿದ್ದರೆ ಮಗ್ಗ ಎರಡು ದಿನ ಖಾಲಿ ಕಾಯುತ್ತಿತ್ತು.

ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ. ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಇದ್ದದ್ದು ಅಂಗೈಯಗಲದ ಒಂದು ತುಂಡು ಪರದೇಶಿ ಬಟ್ಟೆ.

ಚಳ್ಳಕೆರೆಯ ಒಬ್ಬ ಬಟ್ಟೆ ವ್ಯಾಪಾರಿಯ ಬಳಿ ನಾನು ಕಾಗದಪತ್ರದ ಕೆಲಸಕ್ಕೆ ಸೇರಿದ್ದೆ. ಅಪ್ಪನ ಕಾಲದ ಅಂಗಡಿಯ ಹಿಂದೆ ಅವರು ಒಂದು ಶೆಡ್ಡು ಹಾಕಿ, ಹೊಲಿಗೆ ಯಂತ್ರಗಳನ್ನು ತಂದಿಟ್ಟು, ಜುಬ್ಬ ಹೊಲಿಸತೊಡಗಿದ್ದರು. ಲಿನನ್ ಮಿಶ್ರಣದ ಬಟ್ಟೆ ಹೊರದೇಶದಿಂದ ಹಡಗಿನಲ್ಲಿ ಚೆನ್ನೈ ಬಂದರಿಗೆ ಬರುತ್ತಿತ್ತು. ಅಲ್ಲಿ ಸುಂಕದ ಇಲಾಖೆಗೆ ಇದು ಯಾವ ಬಟ್ಟೆ ಎಂದು ಬರೆದುಕೊಡಬೇಕು. ಬಟ್ಟೆ ಎಂದರೆ ಸಾಲದು. ಹತ್ತಿಯದಾದರೆ ಐವತ್ತೆರಡನೇ ಅಧ್ಯಾಯ, ಅಗಸೆ ನಾರಿನದಾದರೆ, ಅಂದರೆ ಲಿನನ್ ಆದರೆ, ಐವತ್ಮೂರನೇ ಅಧ್ಯಾಯ. ಎರಡಕ್ಕೂ ಸುಂಕ ಬೇರೆ ಬೇರೆ, ನಮ್ಮ ಬಟ್ಟೆಗೆ ಲಿನನ್ನಿನದೇ ಹೆಚ್ಚು. ಎರಡೂ ಬೆರೆತಿದ್ದರೆ? ತೂಕದಲ್ಲಿ ಯಾವುದು ಹೆಚ್ಚೋ ಇಡೀ ಬಟ್ಟೆ ಅದರದೇ ಎಂದು ಲೆಕ್ಕ. ಚೆನ್ನೈನಲ್ಲಿ ನಮ್ಮ ಕಾಗದಗಳನ್ನು ನೋಡಿಕೊಳ್ಳುತ್ತಿದ್ದ ಕ್ಲಿಯರಿಂಗ್ ಏಜೆಂಟರು ಫೋನಿನಲ್ಲಿ ನನಗೆ ಹೇಳಿಕೊಟ್ಟ ನಿಯಮ ಇಷ್ಟು. ಇದು ನಿಯಮದ ಮೊದಲರ್ಧ ಮಾತ್ರ ಎಂಬುದು ನನಗೆ ಗೊತ್ತಿರಲಿಲ್ಲ.

ಮಾರಿದವರು ಕಳಿಸುವ ಕಾಗದದ ಮೇಲಿನ ಶೇಕಡಾವಾರು ಒಮ್ಮೆ ಸುಳ್ಳಾಗಿ ಮಾಲೀಕರು ಕೈಸುಟ್ಟುಕೊಂಡಿದ್ದರು. ಆಮೇಲೆ ಅವರು ಹೊಸ ಪದ್ಧತಿ ತಂದರು. ಮುಂಚಿತವಾಗಿ ಮಾದರಿ ತರಿಸುವುದು, ಅದನ್ನು ನಾವೇ ಬಿಡಿಸಿ ತೂಗಿ ನೋಡುವುದು, ಆಮೇಲೆ ಬರೆದುಕೊಡುವುದು. ಈ ಬಟ್ಟೆಯಲ್ಲಿ ಹಾಸು ಪೂರ್ತಿ ಹತ್ತಿ, ಹೊಕ್ಕು ಪೂರ್ತಿ ಅಗಸೆ. ಹಾಸನ್ನೂ ಹೊಕ್ಕನ್ನೂ ಬೇರೆ ಮಾಡಿದರೆ ಎರಡು ರಾಶಿ, ಎರಡು ತೂಕ. ಹೇಳಲು ಸುಲಭ. ಶೆಡ್ಡಿನ ಹೆಣ್ಣುಮಕ್ಕಳು ಪ್ರಯತ್ನಿಸಿ ತುಂಡನ್ನು ಜಾಳುಜಾಳು ಮಾಡಿ ಇಟ್ಟರು. ಆಗ ಮಾಲೀಕರ ಹಳೆಯ ಪರಿಚಯದ ಜರಿ ಅಂಗಡಿಯ ಭಾಯಿ ಆಕೆಯ ಬಗ್ಗೆ ಹೇಳಿದರು. ಅವರ ಅಂಗಡಿಯಲ್ಲಿ ಜರಿ ತೂಗುವ ಸಣ್ಣ ತಕ್ಕಡಿಯೂ ಇತ್ತು. ಗಾಜಿನ ಗೂಡಿನೊಳಗೆ ಕೂತು, ಬಿಂದುವಿನ ನಂತರ ಮೂರು ಅಂಕಿ ತೋರಿಸುವಂಥದ್ದು.

ತಳಕು ದಾಟಿ, ಬಿ.ಜಿ. ಕೆರೆ ದಾಟಿ ಹೋಗುವ ಬಸ್ಸಿನಲ್ಲಿ ಅಂಗಿಯ ಜೇಬಿನಲ್ಲಿ ಲಕೋಟೆ ಇಟ್ಟುಕೊಂಡು ಹೋದೆ. ಆಕೆ ತುಂಡನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು.

"ಇದೇನು ಬಟ್ಟೆ? ಗೋಣಿಚೀಲದ ತಮ್ಮನಾ?"

"ಲಿನನ್ ಅಮ್ಮ. ಅಗಸೆ ಗಿಡದ ನಾರು. ಹತ್ತಿ ಜೊತೆ ನೇಯ್ದವ್ರೆ."

"ಅಗಸೆ ಚಟ್ನಿಪುಡಿ ತಿಂದೀನಿ. ಅಗಸೆ ಅಂಗಿ ತೊಟ್ಟೋರ್ನ ನೋಡಿರ್ಲಿಲ್ಲ." ಮತ್ತೆ ತಿಕ್ಕಿದಳು. "ಇದನ್ನ ತೊಡೋರು ಯಾರು?"

"ದುಡ್ಡಿರೋರು."

"ಅದಕ್ಕೇ ಮತ್ತೆ, ಮೈ ಕೆರ್ಕೊಳ್ಳಾಕೆ ಪುರುಸೊತ್ತು ಬೇಕಲ್ಲ."

ಕರಿ ಬಟ್ಟೆಯೊಂದನ್ನು ತೊಡೆಯ ಮೇಲೆ ಹಾಸಿಕೊಂಡು ಬಿಡಿಸಲು ಕೂತಳು. ನಾನು ನೋಡುತ್ತಿದ್ದೆ. ಆಕೆ ಎಳೆಯನ್ನು ಎಳೆಯುತ್ತಿರಲಿಲ್ಲ, ಎಬ್ಬಿಸುತ್ತಿದ್ದಳು. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಅದರ ತುದಿಯಿಂದ ಎಳೆಯ ಬೆನ್ನು ತಟ್ಟಿದರೆ ಅದು ತಾನೇ ಎದ್ದು ಬರುವಂತೆ ಕಾಣುತ್ತಿತ್ತು. ಬರದಿದ್ದರೆ ತೆಲುಗಿನಲ್ಲಿ ಕರೆಯುತ್ತಿದ್ದಳು. "ರಾ ನಾಯನಾ, ರಾ." ಮನುಷ್ಯರ ಜೊತೆ ಕನ್ನಡ, ದಾರದ ಜೊತೆ ತೆಲುಗು, ಬೈಗುಳಕ್ಕೆ ಎರಡೂ.

"ದಾರಕ್ಕೆ ಕನ್ನಡ ಬರಲ್ವಾ ಅಮ್ಮ?" ಎಂದು ಕೇಳಿದ್ದೆ.

"ರೇಷ್ಮೆ ಆ ಕಡೆಯಿಂದ ಬರ್ತೈತೆ. ಅದಕ್ಕೆ ತೆಲುಗೇ ತಿಳಿಯೋದು."

"ಇದು ಸಮುದ್ರದ ಆಚೆಯಿಂದ ಬಂದಿದ್ದಲ್ಲ?"

"ಇಲ್ಲಿಗೆ ಬಂದೈತಲ್ಲ, ಕಲ್ತ್ಕೊಳ್ಲಿ."

ಬಿಡಿಸಿದ ಹಾಸಿನ ಎಳೆಗಳನ್ನೆಲ್ಲ ಒಂದು ಕಂತೆ ಮಾಡಿ, ಕೆಂಪು ರೇಷ್ಮೆಯ ತುಣುಕನ್ನು ಎರಡು ಸುತ್ತು ಸುತ್ತಿ ಕಟ್ಟುತ್ತಿದ್ದಳು. ಹೊಕ್ಕಿನ ಎಳೆಗಳನ್ನು ಹಾಗೆಯೇ ಬಿಡುತ್ತಿದ್ದಳು. ಎರಡೂ ಬೆಳ್ಳಗೆ, ಹೊರಗಿನವರ ಕಣ್ಣಿಗೆ ಒಂದೇ. ಗುರುತು ತಪ್ಪಬಾರದು. "ಹಾಸು ಮನೆ ಯಜಮಾನ, ಅವನ ತಲೆಗೊಂದು ರುಮಾಲು ಇರ್ಲಿ," ಎನ್ನುತ್ತಿದ್ದಳು. ಪೊಟ್ಟಣ ಕೊಡುವಾಗ ಮತ್ತೊಂದು ಮಾತು: "ತೂಗೋಕ್ ಮುಂಚೆ ರುಮಾಲು ತೆಗಿಯಪ್ಪಾ. ಮರೀಬ್ಯಾಡ."

ಪ್ರತಿ ಸಲ ಹೇಳುತ್ತಿದ್ದಳು. ಪ್ರತಿ ಸಲ ಎಂದರೆ ಎಷ್ಟು ಸಲ? ಎಂಟೋ ಹತ್ತೋ ಮಾದರಿಗಳು ಇರಬೇಕು, ಎರಡು ವರ್ಷದ ಅವಧಿಯಲ್ಲಿ. ಅಷ್ಟೂ ಸಲ ನಾನು ರುಮಾಲು ತೆಗೆದು ತೂಗಿದ್ದೆ. ಹೀಗೆ ಬರೆಯುವಾಗ ಧೈರ್ಯ ಬರುತ್ತದೆ, ಆಮೇಲೆ ಒಂದನ್ನು ಬಿಟ್ಟು ಎಂದು ಸೇರಿಸಬೇಕೋ ಎಂದು ಅನುಮಾನವಾಗುತ್ತದೆ.

ಬೂದಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಬಿಡಿಸುವ ಕೆಲಸಕ್ಕೆ ಬೂದಿ ಬೇಕಿಲ್ಲ. ಆದರೆ ಆಕೆಯ ಕೈಗೆ ಅದು ರೂಢಿ. ಹಾಸಿನ ಎಳೆ ಮುಟ್ಟುವ ಮೊದಲು ಬೆರಳು ತಾನೇ ಬಟ್ಟಲಿಗೆ ಹೋಗಿಬಿಡುತ್ತಿತ್ತು. ಹೊಕ್ಕಿನ ಎಳೆಗೆ ಹಾಗಲ್ಲ, ಜೀವಮಾನದಲ್ಲಿ ಆಕೆ ಹೊಕ್ಕಿಗೆ ಬೂದಿ ಮುಟ್ಟಿಸಿದವಳಲ್ಲ. ಮೊದಲನೇ ದಿನವೇ ಇದನ್ನು ನೋಡಿ, "ಅಮ್ಮ, ತೂಕ ಹೆಚ್ಚಾಗುತ್ತೆ," ಎಂದೆ. ಬಟ್ಟಲನ್ನು ಕಾಲಿನಿಂದ ದೂರ ತಳ್ಳಿದಳು. ಬೆರಳು ಆಮೇಲೂ ಎರಡು ಸಲ ಬರಿ ನೆಲ ಮುಟ್ಟಿ ಬಂತು. "ನೋಡು, ಕೈಗೆ ಬುದ್ಧಿ ಇಲ್ಲ," ಎಂದು ನಕ್ಕಳು. ಅಂದಿನಿಂದ ನಾನು ಹೋದಾಗ ಬಟ್ಟಲು ಆಕೆಯ ಕೈಗೆ ಸಿಗದ ಹಾಗೆ ಗೋಡೆಯ ಬಳಿ ಇರುತ್ತಿತ್ತು. ಇರುತ್ತಿತ್ತು ಎಂದುಕೊಂಡಿದ್ದೇನೆ.

ಈಗ ಆ ದಿನ.

ಬಟ್ಟೆ ಹೊಸದು, ಹಿಂದಿನದಕ್ಕಿಂತ ದಟ್ಟ. ಬಿಡಿಸಿ ಮುಗಿದ ಮೇಲೆ ಆಕೆ ಎರಡು ಕಂತೆಗಳನ್ನು ಎರಡು ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಇದು ಆಕೆಯ ಆಟ. ತಕ್ಕಡಿ ಹೇಳುವ ಮುಂಚೆ ತಾನು ಹೇಳಬೇಕು. ಸಾಮಾನ್ಯವಾಗಿ ಕಣ್ಣು ಮುಚ್ಚಿದ ಕೂಡಲೇ ಒಂದು ಕೈ ಕೆಳಗೆ ಬಿಟ್ಟು "ಇದು" ಎನ್ನುತ್ತಿದ್ದಳು. ಆವತ್ತು ಕೈಗಳು ಅಲುಗಲಿಲ್ಲ. ಕಂತೆಗಳನ್ನು ಅದಲುಬದಲು ಮಾಡಿ ಮತ್ತೆ ಕಣ್ಣು ಮುಚ್ಚಿದಳು.

"ಸಮ ಐತೆ. ಸಮ ಅಂತ ಬರ್ಕೋ."

"ಸಮ ಅಂತ ಬರೆಯೋಕೆ ಆಗಲ್ಲ ಅಮ್ಮ. ಯಾವುದಾದ್ರೂ ಒಂದು ಹೆಚ್ಚಿರಬೇಕು."

"ಯಾಕೆ? ಸಮ ಇದ್ರೆ ಸುಂಕದೋರಿಗೆ ಹೊಟ್ಟೆ ನೋವಾ?"

"ನಿಯಮ ಹಂಗೈತೆ."

"ನಿಯಮ ಮಾಡ್ದೋನು ಮಗ್ಗ ಕಂಡಿಲ್ಲ ಬಿಡು. ಹಾಸೂ ಹೊಕ್ಕೂ ಸಮ ಇದ್ರೇನೇ ಬಟ್ಟೆ ಕೆಳಕ್ಕೆ ನೆಟ್ಟಗೆ ಬೀಳೋದು."

ಪೊಟ್ಟಣ ತೆಗೆದುಕೊಂಡು ಭಾಯಿಯ ಅಂಗಡಿಗೆ ಹೋದೆ. ರುಮಾಲಿನ ಮಾತು ಆವತ್ತು ಹೇಳಿದಳೋ ಇಲ್ಲವೋ. ಸಮದ ವಾದದಲ್ಲಿ ಮರೆತಿರಬಹುದು, ಅಥವಾ ಹೇಳಿದ್ದು ನನ್ನ ಕಿವಿಗೆ ಬೀಳದಿರಬಹುದು. ಅಂಗಡಿಯಲ್ಲಿ ಯಾರೋ ಜರಿ ಕೊಳ್ಳಲು ಬಂದು ಚೌಕಾಸಿ ಮಾಡುತ್ತಿದ್ದರು. ಭಾಯಿ ತಕ್ಕಡಿಯನ್ನು ನನ್ನ ಕಡೆಗೆ ತಿರುಗಿಸಿ, ತೂಗಿಕೊಳ್ಳಿ ಎಂದರು. ನಾನೇ ಇಟ್ಟೆ. ಮೊದಲು ಹೊಕ್ಕು, ಆಮೇಲೆ ಹಾಸು. ಮೂರನೇ ಅಂಕಿ ಸ್ವಲ್ಪ ಹೊತ್ತು ತುಯ್ದಾಡಿ ನಿಂತಿತು. ಭಾಯಿ ಬಗ್ಗಿ ನೋಡಿದರು.

"ಬರಾಬರ್ ಅಲ್ಲ ಸಾರ್. ಹತ್ತಿ ಒಂದು ಕೂದ್ಲು ಮುಂದೈತೆ."

ನನಗೆ ಸಮಾಧಾನವಾಯಿತು. ಅದು ಚೆನ್ನಾಗಿ ನೆನಪಿದೆ. ನೆನಪಿನ ಪೈಕಿ ನಂಬಬಹುದಾದ ಒಂದೇ ಚೂರು ಅದು, ಏಕೆಂದರೆ ಅದರಿಂದ ನನಗೆ ಯಾವ ಗೌರವವೂ ಬರುವುದಿಲ್ಲ. ಬಸ್‌ಸ್ಟ್ಯಾಂಡಿನಿಂದಲೇ ಏಜೆಂಟರಿಗೆ ಫೋನ್ ಮಾಡಿ, ಹತ್ತಿ, ಐವತ್ತೆರಡು ಎಂದೆ.

"ಎಷ್ಟು ಹೆಚ್ಚಿದೆ?" ಎಂದು ಕೇಳಿದರು.

"ಹೆಚ್ಚಿದೆ ಸಾರ್."

"ಶೇಕಡ ಹೇಳಿ, ಬರೆಯಬೇಕು."

"ಐವತ್ತೊಂದು, ನಲವತ್ತೊಂಬತ್ತು."

ಒಂದು ಕೂದಲನ್ನು ನಾನು ಇಡೀ ಒಂದು ಶೇಕಡ ಮಾಡಿಬಿಟ್ಟಿದ್ದೆ. ಆ ಹೊತ್ತಿನಲ್ಲಿ ಅದು ಸುಳ್ಳೆಂದು ಅನ್ನಿಸಲಿಲ್ಲ. ಅಂಕಿಯನ್ನು ದುಂಡಗೆ ಮಾಡುವುದು ಎಲ್ಲ ಆಫೀಸುಗಳಲ್ಲೂ ನಡೆಯುತ್ತದೆ.

ಬಂದರಿನಲ್ಲಿ ಅಧಿಕಾರಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಬಟ್ಟೆ ಅಲ್ಲೇ ಉಳಿಯಿತು. ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ವರದಿ ಬಂದಾಗ ಏಜೆಂಟರು ಓದಿ ಹೇಳಿದರು: ಹತ್ತಿ ಐವತ್ತು, ಲಿನನ್ ಐವತ್ತು.

"ಹಾಗಾದರೆ ಏನೂ ತೊಂದರೆ ಇಲ್ಲವಲ್ಲ?" ಎಂದೆ.

ಫೋನಿನ ಆ ಕಡೆ ಕಾಗದ ತಿರುವಿದ ಸದ್ದಾಯಿತು. "ಯಾವುದೂ ಹೆಚ್ಚಿಲ್ಲದೆ ಇದ್ದರೆ ಪಟ್ಟಿಯಲ್ಲಿ ಕೊನೆಗೆ ಬರುವ ಸಂಖ್ಯೆಗೆ ಹೋಗುತ್ತೆ. ಐವತ್ಮೂರು. ಲಿನನ್. ನಿಮಗೆ ಹೇಳಿರಲಿಲ್ಲವಾ?"

ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಮೊದಲರ್ಧಕ್ಕೇ ತೃಪ್ತನಾಗಿದ್ದೆ. ಸಮ ಎಂದು ಬರೆಯಲು ನಿಯಮದಲ್ಲಿ ಜಾಗವಿತ್ತು. ಒಂದು ಸಾಲು ಕೆಳಗೆ ಇತ್ತು. ಆಕೆ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದರೆ ಬಟ್ಟೆ ಸರಿಯಾದ ಅಧ್ಯಾಯದಲ್ಲೇ ಕೂರುತ್ತಿತ್ತು.

ಈಗ ಇಲಾಖೆ ಲಿಖಿತ ವಿವರಣೆ ಕೇಳಿತು. ಐವತ್ತೊಂದು ಎಂಬ ಅಂಕಿ ಎಲ್ಲಿಂದ ಬಂತು? ಬೇಕೆಂದೇ ಬರೆದದ್ದೋ, ಕೈತಪ್ಪೋ? ಬೇಕೆಂದೇ ಎಂದಾದರೆ ಮಾಲೀಕರ ಹೆಸರಿಗೆ ಮಸಿ, ಮುಂದೆ ಅವರ ಪ್ರತಿಯೊಂದು ಮೂಟೆಯನ್ನೂ ಬಿಚ್ಚಿ ನೋಡುತ್ತಾರೆ. ಮಾಲೀಕರು ನನ್ನನ್ನು ಕೂರಿಸಿಕೊಂಡು, ದನಿ ಏರಿಸದೆ ಕೇಳಿದರು.

"ಕೈತಪ್ಪು ಅಂದ್ರೆ ಯಾರ ಕೈ ಅಂತ ಬರೀಬೇಕಲ್ಲಪ್ಪಾ. ನಿನ್ದಾ?"

"ಗೊತ್ತಿಲ್ಲ ಅಣ್ಣಾರೆ."

"ನಿನ್ದೇ ಆದ್ರೆ ಹೇಳ್ಬಿಡು. ನಾಳೆಯಿಂದ ಬರಬ್ಯಾಡ, ಇನ್ನೊಬ್ಬನ್ನ ನೋಡ್ಕೋತೀನಿ. ಜಗಳ ಇಲ್ಲ."

ಅವರು ಬೆದರಿಸಿದ್ದಲ್ಲ, ಇದ್ದದ್ದನ್ನು ಹೇಳಿದರು. ನನಗೆ ಆಗ ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಸಹಕಾರ ಸಂಘದ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದೆ, ಅಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಇದನ್ನು ಸಮರ್ಥನೆಗೆಂದು ಬರೆಯುತ್ತಿಲ್ಲ. ಲೆಕ್ಕಕ್ಕೆ ಇರಲಿ.

ಮಾರನೆಯ ದಿನ ಮಾಲೀಕರ ಕಾರಿನಲ್ಲಿ ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ತೂಗಿದ ದಿನದಿಂದ ತೆರೆಯದ ಆ ಎರಡು ಪೊಟ್ಟಣಗಳು ನನ್ನ ಜೇಬಿನಲ್ಲಿ. ಆಕೆ ಬೇರೊಬ್ಬರ ಮನೆಯಲ್ಲಿ ಮಗ್ಗದ ಹಿಂದೆ ಕೂತಿದ್ದಳು. ಬಿಳಿ ಹಾಸು. ಬಟ್ಟಲು ಮೊಣಕಾಲಿನ ಪಕ್ಕದಲ್ಲೇ ಇತ್ತು. ಈ ಬಟ್ಟಲು ನಿಜ, ಇದರಲ್ಲಿ ಅನುಮಾನವಿಲ್ಲ. ಬಹುಶಃ ಆ ಇನ್ನೊಂದು ದಿನದ ಚಿತ್ರಕ್ಕೆ ನಾನು ಹೊತ್ತುಕೊಂಡು ಹೋದದ್ದು ಇದನ್ನೇ.

ಮನೆಯ ನೇಕಾರ ಮಾಲೀಕರಿಗೆ ಕುರ್ಚಿ ತಂದು ಹಾಕಿದ. ಮಾಲೀಕರು ನಡೆದದ್ದನ್ನು ಹೇಳಿದರು. ಬಂದರು, ವರದಿ, ಪತ್ರ, ಎಲ್ಲ. ಆಕೆ ಕೂಡಿಸುತ್ತಲೇ ಕೇಳಿದಳು.

"ಅವ್ರಿಗೆ ನಿಮ್ ಕಷ್ಟ ಹೇಳಿದ್ರಾ?"

"ಹೇಳಿದೆ."

"ಸುಂಕದೋನ ಮುಂದೆ ಸುಖದುಃಖ ಹೇಳ್ಕೊಂಡಂಗಾತು." ಮಾಲೀಕರೂ ನಕ್ಕುಬಿಟ್ಟರು. ಗಾದೆ ಅಷ್ಟು ಸರಿಯಾಗಿ ಕೂತಿದ್ದು ಅವರ ಜೀವನದಲ್ಲೂ ಮೊದಲನೇ ಸಲವಿರಬೇಕು.

"ಅದಿರ್ಲಿ ಅಮ್ಮ. ನಿನ್ ಬೆರಳೇನೋ ಸಮ ಅಂದಿತ್ತಂತೆ. ತಕ್ಕಡಿ ಯಾಕೆ ಬೇರೆ ಹೇಳ್ತು? ಮಧ್ಯದಾಗೆ ಏನಾಯ್ತು?"

ಆಕೆ ಕೈ ಚಾಚಿದಳು. ಪೊಟ್ಟಣಗಳನ್ನು ಕೊಟ್ಟೆ. ಹೊಕ್ಕಿನದನ್ನು ಬಿಚ್ಚಿ ನೋಡಿ ಪಕ್ಕಕ್ಕಿಟ್ಟಳು. ಹಾಸಿನದನ್ನು ಬಿಚ್ಚಿದಳು. ಕಂತೆಯ ಮೇಲೆ ಕೆಂಪು ರುಮಾಲು ಇತ್ತು.

ನಾನು ಬಿಚ್ಚಿ, ತೂಗಿ, ಮತ್ತೆ ಕಟ್ಟಿ ಇಟ್ಟಿರಬಹುದು. ಹಾಗೆ ಮಾಡುವುದು ನನ್ನ ಪದ್ಧತಿಯೂ ಹೌದು, ಮಾದರಿಯನ್ನು ಕಡತದಲ್ಲಿ ಇಡಬೇಕಲ್ಲ. ಬಿಚ್ಚದೆಯೂ ಇರಬಹುದು. ನಾನು ಕಟ್ಟಿದ ಕಟ್ಟಿಗೂ ಆಕೆ ಕಟ್ಟಿದ ಕಟ್ಟಿಗೂ ವ್ಯತ್ಯಾಸ ನನಗೆ ತಿಳಿಯುವುದಿಲ್ಲ. ಆಕೆಗೆ ತಿಳಿಯುತ್ತಿತ್ತು. ದಿನಕ್ಕೆ ಸಾವಿರ ಎಳೆ ಕೂಡಿಸುವ ಬೆರಳಿಗೆ ತನ್ನ ಸುತ್ತು ಯಾವುದು, ಪರರ ಸುತ್ತು ಯಾವುದು ಎಂಬುದು ತಿಳಿಯದೇ ಇರುತ್ತದೆಯೇ?

ಆಕೆ ನನ್ನ ಮುಖ ನೋಡಿದಳು ಎಂದು ಬರೆಯುವ ಆಸೆಯಾಗುತ್ತಿದೆ. ಹಾಗೆ ಬರೆದರೆ ಚಿತ್ರ ಪೂರ್ತಿಯಾಗುತ್ತದೆ. ಆದರೆ ನಾನು ನೆಲ ನೋಡುತ್ತಿದ್ದೆ. ಆಕೆಯ ಉಗುರು ಮಾತ್ರ ಕಾಣುತ್ತಿತ್ತು. ಉಗುರಿನಿಂದ ರುಮಾಲನ್ನು ಬಿಡಿಸಿದಳು, ಬೆರಳಿಗೆ ಸುತ್ತಿಕೊಂಡು ಉಂಡೆ ಮಾಡಿದಳು, ಎಡಗೈ ಬಳೆಗಳ ಕೆಳಗೆ ಸಿಕ್ಕಿಸಿದಳು. ಅದು ಕೂಡ ಆಕೆಯ ಅಭ್ಯಾಸವೇ, ರೇಷ್ಮೆಯ ಚೂರು ಯಾವತ್ತೂ ಬಿಸಾಡಿದವಳಲ್ಲ. ಆಮೇಲೆ ಕಂತೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಬೂದಿ, ಸಾವ್ಕಾರ್ರೆ."

"ಏನು?"

"ಬೂದಿ ಅಂಟೈತೆ ಹಾಸಿನ ಎಳೆಗೆ. ಹಾಸು ಮುಟ್ಟೋ ಮುಂಚೆ ನನ್ ಕೈ ಬೂದಿಗೆ ಹೋಗ್ತೈತೆ. ಹೊಕ್ಕು ಮುಟ್ಟೋವಾಗ ಹೋಗಲ್ಲ. ಅದಕ್ಕೇ ಒಂದು ಕಡೆ ಭಾರ ಬಂದೈತೆ."

"ಬೆರಳು ಸಮ ಅಂದಿದ್ದು?"

"ಬೆರಳಿಗೆ ತನ್ನ ಬೂದಿ ಎಲ್ಲಿ ಗೊತ್ತಾಗ್ತೈತೆ? ಮೈಯಾಗಿನ ಬೆವರಿದ್ದಂಗೆ."

ಮಾಲೀಕರು ಕಂತೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅವರಿಗೆ ಏನು ಕಂಡಿತೋ. ಬೆಳ್ಳನೆಯ ಹತ್ತಿಯ ಎಳೆ, ಕಾರಿನ ಧೂಳು ಹತ್ತಿದ ಬೆರಳು. "ಹೂಂ, ಬೂದುಬಣ್ಣ ಐತೆ," ಎಂದರು. ನನ್ನ ಕಡೆ ತಿರುಗಿ, "ನೀನು ನೋಡ್ಲಿಲ್ವಾ?"

"ನೋಡ್ಲಿಲ್ಲ," ಎಂದೆ. ಇದು ನಿಜವಾದ ಮಾತು. ಯಾವುದಕ್ಕೆ ಉತ್ತರವಾಗಿ ನಿಜ ಎಂಬುದು ಬೇರೆ.

ಮನೆಯ ನೇಕಾರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಆಕೆ ಮತ್ತೆ ಬಿಳಿ ಹಾಸಿಗೆ ಕೈ ಹಾಕಿದಾಗ ಅವನು ಹತ್ತಿರ ಬಂದು, ಕೂಡಿಸಿದ ಎಳೆಗಳ ಮೇಲೆ ಬಗ್ಗಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ಆದರೂ ಬಗ್ಗಿ ನೋಡಿದ.

ಪತ್ರವನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ. ಎಳೆ ಬಿಡಿಸುವ ಕೆಲಸಗಾರರ ಸಾಂಪ್ರದಾಯಿಕ ರೂಢಿಯಿಂದ ಹಾಸಿನ ಎಳೆಗಳಿಗೆ ಬೂದಿ ಅಂಟಿ ತೂಕದಲ್ಲಿ ಅಲ್ಪ ವ್ಯತ್ಯಾಸ ಉಂಟಾಗಿದೆ, ದುರುದ್ದೇಶವಿಲ್ಲ. ಓದಿದರೆ ನಂಬುವಂತಿತ್ತು. ಇಷ್ಟು ವಿಚಿತ್ರವಾದ ಕಾರಣವನ್ನು ಯಾರೂ ಕಟ್ಟಿ ಹೇಳಲಾರರು ಎಂದು ಅಧಿಕಾರಿಗೂ ಅನ್ನಿಸಿರಬೇಕು. ವ್ಯತ್ಯಾಸದ ಸುಂಕ ಕಟ್ಟಿಸಿಕೊಂಡು, ಕೈತಪ್ಪು ಎಂದು ಒಪ್ಪಿ, ಬಟ್ಟೆ ಬಿಟ್ಟರು. ಯಂತ್ರಗಳು ಮತ್ತೆ ಓಡಿದವು. ನನ್ನ ಕುರ್ಚಿ ನನಗೇ ಉಳಿಯಿತು. ಮಾದರಿಗಳನ್ನು ಇನ್ನು ಮುಂದೆ ಪ್ರಯೋಗಾಲಯಕ್ಕೇ ಕಳಿಸುವುದೆಂದು ಮಾಲೀಕರು ತೀರ್ಮಾನಿಸಿದರು. ಅದು ಮೊದಲೇ ಮಾಡಬೇಕಾಗಿದ್ದ ಕೆಲಸ.

ಊರಿನಲ್ಲಿ ಮಾತು ಹರಡಲು ಭಾಯಿಯ ಅಂಗಡಿ ಸಾಕಾಗಿತ್ತು. ಮೊದಮೊದಲು ತಮಾಷೆ. ಸುಂಕದೋರ ಕಣ್ಣಿಗೇ ಬೂದಿ ಎರಚಿದೋಳು ಎಂದು ಆಕೆಯನ್ನು ಕಾಡಿಸುತ್ತಿದ್ದರಂತೆ. ಆಕೆಯೂ ಜೊತೆಗೆ ನಗುತ್ತಿದ್ದಳಂತೆ. ಆಮೇಲೆ ಬಿಳಿ ಹಾಸು ಬಂದಾಗ ಯಾರೋ ಒಬ್ಬರು ಬೇರೆಯವಳನ್ನು ಕರೆದರು. ಆಮೇಲೆ ಇನ್ನೊಬ್ಬರು. ಆಕೆಯ ಬೂದಿ ಯಾವ ಸೀರೆಯ ಮೇಲೂ ಕಂಡಿರಲಿಲ್ಲ. ಒಂದು ಕಾಗದದ ಮೇಲೆ ಕಂಡಿತ್ತು, ಅಷ್ಟೇ ಸಾಕಾಯಿತು.

ಸುಮಾರು ಆರು ತಿಂಗಳ ಮೇಲೆ ಒಮ್ಮೆ ಹೋದೆ. ಕೆಲಸವಿರಲಿಲ್ಲ, ನಾನಾಗಿಯೇ ಹೋದೆ. ಆಕೆ ತನ್ನ ಮನೆಯ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಉದ್ದ ಉಗುರು ಮುರಿದಿತ್ತು, ಅಥವಾ ಕತ್ತರಿಸಿಕೊಂಡಿದ್ದಳು.

"ಏನ್ ಗುಮಾಸ್ತಪ್ಪಾ, ಮಗಳು ನಡೀತಾಳಾ?"

"ಈಗ ಗೋಡೆ ಹಿಡ್ಕೊಂಡು ನಿಲ್ತಾಳೆ."

"ಬಿಡಿಸೋಕ್ ಏನಾದ್ರೂ ತಂದೀಯಾ?"

"ಇಲ್ಲಮ್ಮ."

"ತರಬ್ಯಾಡ ಬಿಡು. ನಿಮ್ ಅಗಸೆ ಬೆರಳು ಕುಯ್ತೈತೆ."

ಬಿಳಿ ಹಾಸಿನ ಮಾತು ನಾನು ಎತ್ತುವ ಮೊದಲೇ, "ಬಿಳಿ ಕಣ್ಣಿಗೆ ಕಷ್ಟ, ಹೋದ್ರೆ ಹೋಗ್ಲಿ," ಎಂದಳು. ಒಂದು ಹಿಡಿ ಕಡಲೆಬೀಜ ಕೊಟ್ಟಳು. ಅರ್ಧ ತಿಂದ ಮೇಲೆ ಕೇಳಿದೆ.

"ಆವತ್ತು ಬೂದಿ ಇತ್ತಾ ಅಮ್ಮ?"

ಆಕೆ ಇನ್ನೊಂದು ಕಾಯಿ ಒಡೆದಳು.

"ಕಾಗದದಾಗೆ ಏನಂತ ಬರ್ದೆ?"

"ಬೂದಿ ಅಂತ."

"ಹಂಗಾದ್ರೆ ಇತ್ತು."

ಬೇರೆ ಮಾತಿಗೆ ಹೋದಳು. ತನ್ನ ಪಕ್ಕದ ಮನೆಯವರ ಎಮ್ಮೆಯ ವಿಷಯ. ಎಮ್ಮೆಯದು ಪೂರ್ತಿ ನೆನಪಿದೆ, ಆ ಕಥೆಗೆ ಇಲ್ಲಿ ಕೆಲಸವಿಲ್ಲ.

ಆ ಬಟ್ಟೆಯ ಒಂದು ತುಂಡು ಈಗಲೂ ನನ್ನ ಬಳಿ ಇದೆ. ಭಾಯಿಯ ಫೋನ್ ಬಂದ ವಾರ ಅದರಲ್ಲಿ ಅಂಗೈಯಗಲ ಕತ್ತರಿಸಿ, ನಾನೇ ಬಿಡಿಸಲು ಕೂತೆ. ಕೆಂಪು ದಾರ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿದರೆ ದಾರದ ತೂಕ ಆ ಒಂದು ಕೂದಲಿಗೆ ಸರಿಹೋಗುತ್ತದೆಯೋ ಇಲ್ಲವೋ ನೋಡಬಹುದಲ್ಲ. ಬೂದಿಯನ್ನೂ ಹಾಗೆಯೇ ಪರೀಕ್ಷಿಸಬಹುದು. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದೇನೆ, ಸುಂಕದ ಅಧ್ಯಾಯಗಳು ಈಗ ಬಾಯಿಪಾಠ. ಆದರೆ ನನ್ನ ಕೈಯಲ್ಲಿ ಎಳೆಗಳು ತುಂಡಾದವು, ನಾರು ಹಾರಿ ಅಂಗಿಗೆ ಅಂಟಿತು, ಎರಡು ರಾಶಿಗಳೂ ಇರಬೇಕಾದದ್ದಕ್ಕಿಂತ ಹಗುರವಾದವು. ತೂಗಿದೆ. ಪ್ರತಿ ಸಲ ಬೇರೆ ಉತ್ತರ ಬಂತು. ಯಾವುದನ್ನೂ ಬರೆದುಕೊಳ್ಳಲಿಲ್ಲ.

ಭಾಯಿ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿದ್ದೆ. ಸಾವಿನ ಸುದ್ದಿ ಹೇಳುವವರಿಗೆ ಕೇಳುವಂಥ ಪ್ರಶ್ನೆಯಲ್ಲ ಅದು. ಆವತ್ತು ನಿಮ್ಮ ತಕ್ಕಡಿಯ ಮೇಲೆ ನಾನು ಹಾಸಿನ ಕಂತೆ ಇಟ್ಟಾಗ ಅದರ ಮೇಲೆ ಕೆಂಪು ದಾರ ಇತ್ತಾ ಎಂದು.

"ಯಾವತ್ತು ಸಾರ್?" ಎಂದರು ಭಾಯಿ. "ಯಾವ ದಾರ?"

ಅದನ್ನು ಹೇಳಬಲ್ಲವರು ನಾವು ಮೂವರೇ. ಭಾಯಿಗೆ ನೆನಪಿಲ್ಲ. ಆಕೆ ಇಲ್ಲ. ನಾನು ಗಾಜಿನ ಗೂಡಿನ ಬಾಗಿಲು ತೆರೆದದ್ದು ನೆನಪಿದೆ, ಅಂಕಿ ತುಯ್ದಾಡಿದ್ದು ನೆನಪಿದೆ, ಸಮಾಧಾನವಾದದ್ದು ನೆನಪಿದೆ. ನಡುವೆ ನನ್ನ ಬೆರಳುಗಳು ಏನು ಮಾಡಿದವು, ರುಮಾಲು ಬಿಚ್ಚಿದವೋ ಇಲ್ಲವೋ, ನನಗೆ ಗೊತ್ತಿಲ್ಲ.